ಅವ್ವನ ದನಿ ಹಿಡಿಯುವ ಕೆಲಸ

ತಿಕೋಟಾ
೧೮ ಫೆಬ್ರುವರಿ ೨೦೨೫, ಮಂಗಳವಾರ

ಪ್ರೀತಿಯ ಅಣ್ಣಾ, ಜೈಭೀಮ.

ಹೇಗಿದ್ದೀ? ಮೂಗಿನಿಂದ ರಕ್ತ ಬರುವುದು ನಿಂತಿತೋ, ಇನ್ನೂ ಹಾಗೇ ಇದೆಯೋ? ಅಷ್ಟು ಎತ್ತರದಲ್ಲಿ ಗಾಳಿ ಒಣಗಿ ಮೂಗಿನ ಒಳಗೆಲ್ಲ ಒಡೆಯುತ್ತದೆ ಎಂದು ನೀನು ಹೇಳಿದ ದಿನದಿಂದ ಅವ್ವನಿಗೆ ಅದೇ ಚಿಂತೆ. ತನ್ನ ಗಂಟಲಿನ ಚಿಂತೆ ಅವಳಿಗಿಲ್ಲ, ನಿನ್ನ ಮೂಗಿನ ಚಿಂತೆ! ಕೊಬ್ಬರಿ ಎಣ್ಣೆಯನ್ನು ಶೀಶೆಯಲ್ಲಿ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಕೊಟ್ಟಿದ್ದಾಳೆ. ಮಲಗುವಾಗ ಎರಡು ಹನಿ ಬಿಟ್ಟುಕೋ. ಜೊತೆಗೆ ಅವ್ವ ದುಡಿಯುವ ತೋಟದ ಬಸಗೊಂಡಪ್ಪನವರ ಶೆಡ್ಡಿನ ಒಣದ್ರಾಕ್ಷಿಯೂ ಇದೆ, ಒಬ್ಬನೇ ಮುಕ್ಕಬೇಡ. ಇದನ್ನೆಲ್ಲ ತರುತ್ತಿರುವವನು ನಿಮ್ಮ ಯುನಿಟ್ಟಿನ ಜಾಹೀದ. ರಜೆ ಮುಗಿಸಿ ಇವತ್ತು ಸಂಜೆ ವಿಜಯಪುರದಲ್ಲಿ ಗಾಡಿ ಹತ್ತುತ್ತಾನೆ. ತೊರವಿಯಿಂದ ಮೋಟರ್‌ಸೈಕಲ್ಲಿನಲ್ಲಿ ಬಂದು ಕಾಗದ ಒಯ್ಯುತ್ತೇನೆ ಎಂದಿದ್ದಾನೆ. ನಿನ್ನ ಪೋಸ್ಟಿಗೆ ಫೋನು ಹತ್ತುವುದಿಲ್ಲ, ನೀನು ಕೆಳಗೆ ಇಳಿದು ಬಂದು ಮಾಡಿದಾಗಷ್ಟೇ ಮಾತು. ಸಾಲಿ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ಅಕ್ಷರ ನೋಡಿ ನಗಬೇಡ.

ಕಳೆದ ತಿಂಗಳು ಫೋನಿನಲ್ಲಿ ಅಪ್ಪ ನಿನಗೆ "ಸಣ್ಣ ಆಪರೇಶನ್ ಐತಿ" ಅಂದಿದ್ದ. ಅದು ಸಣ್ಣದಲ್ಲ ಎಂದು ನಾನು ಅವನ ಕೈಯಿಂದ ಫೋನು ಕಸಿದುಕೊಂಡು ಎಲ್ಲ ಬಿಡಿಸಿ ಹೇಳಿದೆ, ನೆನಪಿದೆಯಲ್ಲ? ಗಂಟಲಿನ ಗಂಟು ದನಿಪೆಟ್ಟಿಗೆಗೇ ಹಬ್ಬಿದೆ, ಪೆಟ್ಟಿಗೆಯನ್ನೇ ಪೂರಾ ತೆಗೆಯಬೇಕು, ಕುತ್ತಿಗೆಯಲ್ಲಿ ತೂತು ಮಾಡಿ ಅಲ್ಲಿಂದಲೇ ಉಸಿರಾಡಬೇಕು. ಮುಂದೆ ಕಲಿತರೆ ಬೇರೆ ಥರ ಮಾತಾಡಬಹುದು, ಆದರೆ ಈ ದನಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರರು ಸ್ಪಷ್ಟ ಹೇಳಿದ್ದಾರೆ. ಈಗ ತಾರೀಖು ಗೊತ್ತಾಗಿದೆ. ಮಾರ್ಚ್ ಮೂರು, ಸೋಮವಾರ. ನೀನು ಅವತ್ತು ಮೊದಲು "ರಜಾ ಸಿಗೂದಿಲ್ಲ" ಅಂದೆ. ಆಮೇಲೆ "ಸಿಕ್ಕರೂ ನನಗ ನೋಡಾಕ ಆಗೂದಿಲ್ಲ ಯಶಿ. ನೀ ಅಕಿ ದನಿ ಹಿಡದು ಕಳಸು. ಮದವಿ ವೀಡಿಯೋದಾಂಗ ಗದ್ದಲ ಬ್ಯಾಡ, ಚಂದಾಗಿ ಹಿಡಿ. ಒಂದ ಸಲ ನನ್ನ ಹೆಸರ ಹಿಡದು ಕರೀಲಿ, ಅಷ್ಟ ಸಾಕು" ಅಂದೆ. ಸಿಟ್ಟು ಬಂತು ನನಗೆ. ಬಂದೂಕು ಹಿಡಿದು ಹಿಮದಲ್ಲಿ ನಿಲ್ಲುವವನು ಅವ್ವನ ಆಸ್ಪತ್ರೆ ಮಂಚದ ಮುಂದೆ ನಿಲ್ಲಲಾರೆ ಅನ್ನುತ್ತಾನಲ್ಲ! ಆದರೂ ಅಳುತ್ತಿದ್ದೀ ಅನ್ನಿಸಿ ಹೂಂ ಅಂದುಬಿಟ್ಟೆ.

ಬೇಡುವುದನ್ನಾದರೂ ನೋಡಿ ಬೇಡಬೇಕೋ ಬೇಡವೋ? ನಿನಗೆ ಇಟ್ಟದ್ದು ಅಜ್ಜನ ಹೆಸರು. ಸೊಸೆಯಾದವಳು ಮಾವನ ಹೆಸರು ಹೇಳಬಾರದು ಎಂದು ಅವ್ವ ನಿನ್ನನ್ನು ಹುಟ್ಟಿದ ದಿನದಿಂದ "ಮುತ್ಯಾ" ಎಂದೇ ಕರೆದಳು. ಚಡ್ಡಿ ಹಾಕದ ಮುತ್ಯಾ ಎಂದು ಓಣಿಯೆಲ್ಲ ನಗುತ್ತಿತ್ತು. ನೀನು ಮಿಲಿಟರಿ ಭರ್ತಿಗೆ ಹೋದಾಗ ಒಬ್ಬ ಸಾಹೇಬ "ಮಗನ ಹೆಸರೇನ್ರಿ" ಎಂದು ಕೇಳಿದರೆ ಅವ್ವ ನನ್ನ ಮುಖ ನೋಡಿ "ಹೇಳ ಬೇ" ಅಂದಳು. ಮಗನ ಹೆಸರೇ ಗೊತ್ತಿಲ್ಲವಲ್ಲ ಎಂದು ಆತ ಕಣ್ಣು ಬಿಟ್ಟ. ಅಪ್ಪ ಹಳೆಯ ದೇವರುಗಳನ್ನೆಲ್ಲ ಹೊರಗೆ ಕಳಿಸಿದ, ಗೋಡೆಯ ಮೇಲೆ ಬುದ್ಧ ಬಂದ, ಬಾಬಾಸಾಹೇಬರು ಬಂದರು, ಮಾವನ ಹೆಸರು ಮಾತ್ರ ಅವ್ವನ ಬಾಯಿಗೆ ಬರಲಿಲ್ಲ. ನಾನು ಎಷ್ಟು ಭಾಷಣ ಮಾಡಿದರೂ "ನಿನ್ನ ಶಾಣೇತನ ನಿನ್ನ ಹಂತ್ಯಾಕ ಇಟ್ಕೋ" ಅನ್ನುತ್ತಾಳೆ. ಇಂಥವಳ ಬಾಯಿಂದ ಆ ಹೆಸರು ಹೊರಡಿಸಬೇಕು, ಹೊರಟಾಗ ಅದು ಮಷೀನಿಗೆ ಸಿಗಬೇಕು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಸಿದ್ಧೇಶ್ವರ ಗುಡಿಯ ಓಣಿಯ ಸ್ಟುಡಿಯೋದಲ್ಲಿ ವಾರಕ್ಕೆರಡು ಮದುವೆ ಶೂಟಿಂಗ್ ಮಾಡುವವಳು ನಾನು. ಚಿತ್ರ ಕೇಳು, ಕಣ್ಣು ಮುಚ್ಚಿ ತೆಗೆದುಕೊಡುತ್ತೇನೆ. ದನಿಯ ಗೊಡವೆಗೆ ಮಾತ್ರ ನಾವು ಯಾವತ್ತೂ ಹೋದವರಲ್ಲ. ಮದುವೆಯ ಗದ್ದಲವನ್ನೆಲ್ಲ ಅಳಿಸಿ ಮೇಲೊಂದು ಹಾಡು ಹಾಕಿದರೆ ಬೀಗರು ಖುಷಿ. ಹಾಗಾಗಿ ಮೊದಲ ದಿನ ಸ್ಟುಡಿಯೋದ ಡಿಎಸ್ಎಲ್ಆರ್ ತಂದು, ಪಡಸಾಲೆಯಲ್ಲಿ ಅವ್ವನನ್ನು ಕೂರಿಸಿ, ನಿನಗೆ ಏನಾದರೂ ಹೇಳು ಎಂದು ಗುಂಡಿ ಒತ್ತಿದೆ. ಮುಖ ಎಷ್ಟು ಚಂದ ಬಂದಿತ್ತು ಗೊತ್ತೇ! ಕೇಳಲು ಹೋದರೆ ಬರೀ ಗದ್ದಲ. ಕ್ಯಾಮೆರಾದ ಹೊಟ್ಟೆಯೊಳಗೊಂದು ಮೈಕು ಇರುತ್ತದಲ್ಲ, ಅದಕ್ಕೆ ಅವ್ವನಿಗಿಂತ ಹತ್ತಿರದ್ದು ಕ್ಯಾಮೆರಾವೇ. ಲೆನ್ಸು ತಿರುಗುವ ಗುರ್ರ್, ನನ್ನ ಬೆರಳು ಸರಿಯುವ ಸದ್ದು, ಎಲ್ಲ ಮೊದಲು. ಅದು ಸಾಲದೆಂದು ಅವ್ವ ಉಸಿರು ತೆಗೆಯಲು ಮಾತು ನಿಲ್ಲಿಸಿದ ಕೂಡಲೇ, ಯಾರೂ ಮಾತಾಡುತ್ತಿಲ್ಲ ಎಂದುಕೊಂಡು ಅದು ತಾನೇ ಕಿವಿ ಅಗಲಿಸುತ್ತದೆ. ಆಗ ಫ್ಯಾನಿನ ಗರಗರ, ಹೊರಗೆ ಅಥಣಿ ರಸ್ತೆಗೆ ಹೋಗುವ ಟೆಂಪೋಗಳ ಹಾರ್ನು ಎಲ್ಲ ನಡುಮನೆಗೆ ಬಂದು ಕೂರುತ್ತವೆ. ಅವ್ವ ಈಗ ಎರಡು ಮಾತಿಗೊಮ್ಮೆ ಉಸಿರು ತೆಗೆಯುತ್ತಾಳೆ, ಅಣ್ಣಾ. ಅವಳ ಮಾತಿಗಿಂತ ಫ್ಯಾನಿನ ಮಾತೇ ಹೆಚ್ಚು ಬಂದಿತ್ತು.

ಸ್ಟುಡಿಯೋ ಮಾಲಕರ ಹತ್ತಿರ ಹೋಗಿ ಅತ್ತೆ. ಅವರು ಬೈದು, ಕಪಾಟಿನಿಂದ ಅಂಗೈಯಗಲದ ಒಂದು ರೆಕಾರ್ಡರು, ಸೆರಗಿಗೋ ಕಾಲರಿಗೋ ಚುಚ್ಚುವ ಸಣ್ಣ ಮೈಕು, ಕಿವಿಗೆ ಹಾಕುವ ಹೆಡ್‌ಫೋನು ತೆಗೆದುಕೊಟ್ಟರು. "ದನಿ ಬ್ಯಾರೆ ಹಿಡಿ, ಚಿತ್ರ ಬ್ಯಾರೆ ಹಿಡಿ. ಮೊದಲ ಒಂದ ಚಪ್ಪಾಳಿ ಹೊಡಿ, ಎಡಿಟ್ ಮಾಡುಮುಂದ ಎರಡೂ ಆ ಚಪ್ಪಾಳಿಗೆ ಕೂಡಸು. ದನಿ ಅಳೆಯೂ ಮುಳ್ಳು ಕೆಂಪಿಗೆ ಹೋಗಬಾರದು. ಹೆಡ್‌ಫೋನ್ ಮಾತ್ರ ಕಿವಿಯಿಂದ ತಗೀಬ್ಯಾಡ ನೋಡು" ಎಂದು ಮೂರು ಸಲ ಹೇಳಿದರು. ನಮ್ಮ ತಗಡಿನ ಮನೆ ಬೇಡವೆಂದು ಬಬಲೇಶ್ವರಕ್ಕೆ, ದೊಡ್ಡಪ್ಪನ ಮನೆಗೆ ಹೋದೆವು. ಒಳಗಿನ ಕೋಣೆ ಕಲ್ಲಿನದು, ರಸ್ತೆಯಿಂದ ದೂರ. ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ದೊಡ್ಡವ್ವ ಟ್ರಂಕಿನಲ್ಲಿದ್ದ ಕೌದಿಗಳನ್ನೆಲ್ಲ ತೆಗೆದು ಹಗ್ಗದ ಮೇಲೆ ನೇತುಹಾಕಿದಳು. ಮೈಕನ್ನು ಅವ್ವನ ಕುಪ್ಪಸದ ಅಂಚಿಗೆ ಚುಚ್ಚಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡೆ. ಅಬ್ಬಾ, ಅಣ್ಣಾ! ಅವ್ವನ ಉಸಿರು ಕೂಡ ಕೇಳುತ್ತಿತ್ತು. ದನಿ ಒಡೆದಿದೆ, ಹೌದು, ಆದರೂ ಅದು ಅವಳದೇ. ನೀನು ಬಾವಿಗೆ ಬಿದ್ದದ್ದು, ಕಾಮಣ್ಣನ ದಿನ ಬಣ್ಣದ ಕೈಯಲ್ಲಿ ಊಟ ಮಾಡಿ ವಾಂತಿ ಮಾಡಿಕೊಂಡದ್ದು, ಎಲ್ಲ ಹೇಳಿ ನಕ್ಕಳು.

ಹೆಸರಿನ ಮಾತಿಗೆ ಬಂದಾಗ ತಲೆ ಅಲ್ಲಾಡಿಸಿದಳು. ನಾನು ಕೈಮುಗಿದೆ, ರಮಿಸಿದೆ, ಜಗಳ ಮಾಡಿದೆ. ಅಷ್ಟರಲ್ಲಿ ದೊಡ್ಡಪ್ಪ ಹೊಲದಿಂದ ಬಂದು, ಏನು ನಡೆದಿದೆ ಎಂದು ಕೋಣೆಯೊಳಗೇ ಬಂದು ಹೊರಸಿನ ಮೇಲೆ ಕೂತ. ಅವ್ವ ತಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ನಾನೂ ನೋಡು, ಹಿರಿಯರ ಮುಂದೆ ಕಿವಿ ಮುಚ್ಚಿಕೊಂಡು ಕೂತರೆ ಏನಂದುಕೊಂಡಾರು ಎಂದು ಹೆಡ್‌ಫೋನು ತೆಗೆದು ಕೊರಳಿಗೆ ಹಾಕಿಕೊಂಡೆ. ವಿಷಯ ಕೇಳಿದ ದೊಡ್ಡಪ್ಪ ಹೇಳಿದ: "ಅನ್ನವಾ. ನಮ್ಮಪ್ಪನ ಹೆಸರ ಅಂದ್ರ ಏನೂ ಆಗೂದಿಲ್ಲ. ಮನ್ಯಾಗಿನ ಹಿರ್ಯಾ ನಾ, ನಾ ಹೇಳಾಕತ್ತೇನಿ." ಭಾವನ ಮಾತು ಅವ್ವ ಎಂದೂ ತೆಗೆದುಹಾಕಿದವಳಲ್ಲ. ನೆಲ ನೋಡುತ್ತ ಕೂತಳು. ಸೆರಗನ್ನು ಇನ್ನೊಂದಿಷ್ಟು ಮುಂದಕ್ಕೆ ಎಳೆದುಕೊಂಡು, ಅದರೊಳಗೇ, ಪಿಸುಮಾತಿನಲ್ಲಿ ಅಂದಳು. ತುಟಿ ಆಡಿದ್ದನ್ನು ನಾನು ಕಣ್ಣಾರೆ ನೋಡಿದೆ. ದೊಡ್ಡವ್ವ ಕಣ್ಣೊರೆಸಿಕೊಂಡಳು, ನಾನು ಅವ್ವನನ್ನು ತಬ್ಬಿಕೊಂಡೆ.

ಮರುದಿನ ಸ್ಟುಡಿಯೋದಲ್ಲಿ ಕೂತು ಕೇಳಿದೆ. ದೊಡ್ಡಪ್ಪ ಬಂದಲ್ಲಿಂದ ಮುಂದೆ ಬರೀ ಸರಸರ. ಮೈಕು ಸೆರಗಿನ ಕೆಳಗೆ ಹೂತುಹೋಗಿ, ಅವ್ವ ಉಸಿರಾಡಿದರೆ ಸರಸರ, ಕೈ ಎತ್ತಿದರೆ ಬಳೆಯ ಸದ್ದು. ನಿನ್ನ ಹೆಸರಿನ ಜಾಗದಲ್ಲಿ ಮೊದಲಿನ "ಪ" ಇದೆ, ಆಮೇಲೆ ಸೆರಗೇ ಸೆರಗು. ಹೆಡ್‌ಫೋನು ಕಿವಿಯಲ್ಲಿದ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು, ಅಲ್ಲೇ ಮೈಕು ಸರಿಮಾಡಿ ಇನ್ನೊಮ್ಮೆ ಅನ್ನಿಸುತ್ತಿದ್ದೆ. ಮಾಲಕರು ನೂರು ಸಲ ಸ್ವಚ್ಛ ಮಾಡಲು ನೋಡಿದರು, ಸೆರಗು ಅಳಿಸಿದರೆ ಅವ್ವನೂ ಅಳಿಸಿಹೋಗುತ್ತಾಳೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮನೆಗೆ ಬಂದು ಅವ್ವನಿಗೆ ಹೇಳಿ, ಇನ್ನೊಂದೇ ಸಲ ಎಂದು ಕಾಲು ಹಿಡಿದೆ. "ಭಾವನವರು ಅಂದ್ರಂತ ಒಮ್ಮಿ ಅಂದೇನಿ. ಇನ್ನ ಆಗೂದಿಲ್ಲ. ನಿನ್ನ ಮಷೀನ್ ಕಿವುಡ ಆದರ ನಾ ಏನ ಮಾಡ್ಲಿ" ಅಂದಳು. ಆ ವಾರ ಕೆಮ್ಮು ಜೋರಾಯಿತು, ಟಾವೆಲ್ಲಿನಲ್ಲಿ ರಕ್ತದ ಕಲೆ ಕಂಡಿತು. ಡಾಕ್ಟರರು ನನಗೇ ಬೈದರು. ಜೋರಾಗಿ ಮಾತಾಡಿಸಬೇಡಿ, ಒದರುವುದಂತೂ ಬೇಡವೇ ಬೇಡ ಎಂದರು. ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ.

ಆದರೆ ಮೊನ್ನೆ ಭಾನುವಾರ ಅವ್ವನೇ ಎದ್ದು ನಿಂತಳು. "ಅವಗ ನನ್ನ ಒದರೂದು ಹಿಡದು ಕಳಸು. ಸಣ್ಣಾಂವ ಇದ್ದಾಗ ಅದನ್ನ ಕೇಳೇ ಏಳ್ತಿದ್ದಾ" ಅಂದಳು. ಅಪ್ಪ ಬೇಡವೆಂದು ಕೂಗಾಡಿದ. ಅವ್ವ ಅವನಿಗೆ "ಮಾರ್ಚ್ ಮೂರರ ಮ್ಯಾಲ ನೀವು ಹೇಳಿದಾಂಗ ಸುಮ್ಕ ಇರ್ತೇನಿ ತಗೋರಿ" ಅಂದಳು. ಬಸಗೊಂಡಪ್ಪನವರ ತೋಟದಲ್ಲಿ ಈಗ ದ್ರಾಕ್ಷಿ ಕೊಯ್ಲು. ಇಷ್ಟು ವರ್ಷ ಅವ್ವ ದಿನಾ ಬೆಳಿಗ್ಗೆ ಬದುವಿನ ಮೇಲೆ ನಿಂತು ತನ್ನ ಗುಂಪಿನ ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದಳಲ್ಲ, ಅದೇ ಕರೆ. ಕರೆಯುತ್ತ ಕರೆಯುತ್ತ ಆ ಓಘದಲ್ಲಿ ನಿನ್ನ ಹೆಸರೂ ಬಂದುಬಿಡಬಹುದು ಎಂಬ ಆಸೆ ನನ್ನದು. ಆದರೆ ಒಂದೇ ಕರೆ. ತಪ್ಪಿದರೆ ಇನ್ನೊಮ್ಮೆ ಎನ್ನುವಂತಿಲ್ಲ.

ಅಂಥ ಹೆದರಿಕೆ ನನಗೆ ಯಾವ ಮದುವೆಯಲ್ಲೂ ಆಗಿಲ್ಲ. ಮೈಕನ್ನು ಈ ಸಲ ಮೈಗೆ ಚುಚ್ಚಲಿಲ್ಲ. ಸೆರಗು, ಬಳೆ ಯಾವುದರ ಕೈಗೂ ಸಿಗಬಾರದೆಂದು ಅದನ್ನು ಒಂದು ಕೋಲಿನ ತುದಿಗೆ ಕಟ್ಟಿ, ಉದ್ದ ವೈರು ಹಾಕಿ ರೆಕಾರ್ಡರನ್ನು ನನ್ನ ಕೈಯಲ್ಲಿಟ್ಟುಕೊಂಡೆ. ಗಾಳಿ ನುಗ್ಗದಂತೆ ಮೈಕಿಗೆ ಹಳೇ ಕಂಬಳಿಯ ತುಂಡಿನಲ್ಲಿ ಟೊಪ್ಪಿಗೆ ಹೊಲಿದು ಹಾಕಿದೆ. ಕೋಲು ಹಿಡಿದು ಅವ್ವನ ತಲೆಯ ಮುಂದೆ ಚಾಚಿ ನಿಂತವಳು ಮಾಬುಬಿ ಮೌಶಿ, ಅವ್ವನ ಜೊತೆ ಮೊದಲಿನಿಂದ ದುಡಿದವಳು. "ನಿಮ್ಮವ್ವನ ದನಿ ಹಿಡಿಯಾಕ ಈ ಡಬ್ಬಿ ಸಾಲೂದಿಲ್ಲ ಬೇ, ಕಾಳು ತುಂಬೂ ಹಗೇವು ಬೇಕಿತ್ತು" ಎಂದು ನಗಿಸಿದಳು. ಮುಳ್ಳು ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಮೊದಲು ಅವಳನ್ನೇ ಒದರಿಸಿದೆ. ಮೆಲ್ಲನೆಯ ಮಾತಿಗೆ ಇಟ್ಟ ಅಳತೆಯಲ್ಲಿ ಕೂಗಿದರೆ ದನಿ ಹರಿದುಹೋಗುತ್ತದೆ, ಆಮೇಲೆ ಯಾರೂ ಹೊಲಿಯಲಾಗುವುದಿಲ್ಲ. ಅವಳ ಕೂಗಿಗೆ ಮುಳ್ಳು ಕೆಂಪಿಗೆ ಹಾರಿತು. ಇಳಿಸಿದೆ. ಮತ್ತೆ ಒದರಿಸಿದೆ, ಮತ್ತೆ ಇಳಿಸಿದೆ. ಆಗ ಪಕ್ಕದ ಸಾಲಿನಲ್ಲಿ ಟ್ರ್ಯಾಕ್ಟರು ಶುರುವಾಯಿತು. ಓಡಿಹೋಗಿ ಬಸಗೊಂಡಪ್ಪನವರಿಗೆ ಹೇಳಿದೆ. ಮಾಲು ತುಂಬಲು ವ್ಯಾಪಾರಿಯ ಗಾಡಿ ಕಾಯುತ್ತಿತ್ತು, ಆದರೂ ಅವರು ತಾವೇ ಕೈಯೆತ್ತಿ ಟ್ರ್ಯಾಕ್ಟರು ನಿಲ್ಲಿಸಿದರು. "ಯಾರೂ ಪಿಟಕ್ ಅನಬ್ಯಾಡ್ರಿ. ಅಕ್ಕಾ ಕರೀತಾಳ" ಎಂದರು. ಕೊಯ್ಯುವವರೆಲ್ಲ ಕತ್ತರಿ ಕೆಳಗಿಟ್ಟರು.

ಕ್ಯಾಮೆರಾವನ್ನು ಎದುರಿಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹೆಡ್‌ಫೋನು ಹಾಕಿಕೊಂಡು ನಾನು ಚಪ್ಪಾಳೆ ಹೊಡೆದೆ. ಅವ್ವ ಬದುವಿನ ಮೇಲೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಗಲ್ಲಕ್ಕೆ ಹಚ್ಚಿ ಕರೆದಳು. "ಏ ಮಾಬೂ... ಏ ಆರತೀ... ಮುಮತಾಜಾ... ಬರ್ರೇ ಬೇ, ಹೊತ್ತ ಏರಾಕತ್ತೇತಿ..." ಅಣ್ಣಾ, ಮೊದಲ ಹೆಸರಿಗೆ ದನಿ ಒಡೆಯಿತು, ಎರಡನೆಯದಕ್ಕೆ ಅದು ಎಲ್ಲಿಂದ ಬಂತೋ, ಹಳೆಯ ಅವ್ವನೇ ಬಂದಳು. ನನ್ನ ಕಣ್ಣು ಮುಳ್ಳಿನ ಮೇಲೆ. ಕೆಂಪಿನ ಅಂಚಿಗೆ ಬಂದು ನಿಂತಿತು, ದಾಟಲಿಲ್ಲ. ಸಾಲಿನ ಆಚೆ ತುದಿಯಿಂದ ಆರತಿ ತನಗೇ ಗೊತ್ತಿಲ್ಲದೆ "ಬಂದ್ನ್ಯೋ ಅಕ್ಕಾ" ಎಂದು ಓಗೊಟ್ಟಳು, ಅದೂ ಬಂದಿದೆ. ಆಮೇಲೆ ಅವ್ವ ಕ್ಯಾಮೆರಾದ ಕಡೆ ತಿರುಗಿದಳು, ನೇರ ಒಳಗೆ ನೋಡಿದಳು. ಈಗ ಅನ್ನುತ್ತಾಳೆ ಅಂದುಕೊಂಡೆ. ಬಾಯಿ ತೆರೆದಳು. ಮುಚ್ಚಿದಳು. "ಆತು, ಬಂದ್ ಮಾಡು" ಎಂದು ಬದುವಿನಿಂದ ಇಳಿದು ಹೋಗಿ ನೀರು ಕುಡಿದು ಕೂತಳು. ಎಷ್ಟು ಕೇಳಿದರೂ ತಲೆ ಎತ್ತಲಿಲ್ಲ. ಕೆಮ್ಮಿದಳು, ರಕ್ತವೇನೂ ಕಾಣಲಿಲ್ಲ, ಹೆದರಬೇಡ.

ಎರಡು ದಿನ ಕೂತು ಎಲ್ಲ ಜೋಡಿಸಿದ್ದೇನೆ. ಬಬಲೇಶ್ವರದ ಮಾತು ಮೊದಲು, ತೋಟದ ಕರೆ ಕೊನೆಗೆ. ನನ್ನ ಕೈಯಿಂದ ಇದಕ್ಕಿಂತ ಸ್ವಚ್ಛ ದನಿ ಯಾವತ್ತೂ ಬಂದಿಲ್ಲ, ಮುಂದೆಯೂ ಬರಲಿಕ್ಕಿಲ್ಲ. ನೀನು ಬೇಡಿದ ಹೆಸರೊಂದು ಇಲ್ಲ, ಅದಕ್ಕೆ ನಾನೇನು ಮಾಡಲಿ, ಬೈಯಬೇಡ. ಮೆಮರಿ ಕಾರ್ಡನ್ನು ಹತ್ತಿಯಲ್ಲಿ ಸುತ್ತಿ ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಫೋನಿನ ಸ್ಪೀಕರಿನಲ್ಲಿ ಹಾಕಿ ಕೇಳಿ ಹಾಳುಮಾಡಬೇಡ, ಕಿವಿಗೆ ಹಾಕಿಕೊಂಡು ಒಬ್ಬನೇ ಕೂತು ಕೇಳು.

ಅಪ್ಪ ಆರೋಗ್ಯವಾಗಿದ್ದಾನೆ, ಸಿಟ್ಟೂ ಅಷ್ಟೇ ಆರೋಗ್ಯವಾಗಿದೆ. ದೊಡ್ಡಪ್ಪ, ದೊಡ್ಡವ್ವ ನೆನೆಸಿದ್ದಾರೆ. ಮಾಬುಬಿ ಮೌಶಿ "ಮುತ್ಯಾಗ ದುವಾ ಹೇಳು" ಅಂದಿದ್ದಾಳೆ. ಅವ್ವನ ಆಶೀರ್ವಾದ ಎಣ್ಣೆಯ ಶೀಶೆಯಲ್ಲೇ ಇದೆ ಎಂದು ತಿಳಿ. ಮೈ ಬೆಚ್ಚಗಿಟ್ಟುಕೋ, ಹೊತ್ತಿಗೆ ಉಣ್ಣು.

ನಿನ್ನ ತಂಗಿ,
ಯಶೋಧರಾ

ತಾ.ಕ.: ಜಾಹೀದ ಬಂದು ಹೊರಗೆ ಹಾರ್ನ್ ಹೊಡೆದ, ಅಪ್ಪ ಅವನಿಗೆ ಚಹಾ ಕೊಟ್ಟು ಕೂರಿಸಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವಾಗ ಅವ್ವ ಬಂದು ಪಕ್ಕದಲ್ಲಿ ಕೂತಳು. "ಎಲ್ಲಾ ಅದರಾಗ ಬಂತೇನ?" ಅಂದಳು. ಅಣ್ಣನ ಹೆಸರೊಂದು ಬಿಟ್ಟು ಎಲ್ಲ ಬಂದಿದೆ ಅಂದೆ. "ಅದನ್ನ ನಾನೇ ಬಿಟ್ಟೇನಿ" ಅಂದಳು. ಮಾವ, ಮರ್ಯಾದೆ ಯಾವುದೂ ಅಲ್ಲವಂತೆ, ಅದು ಬಬಲೇಶ್ವರದಲ್ಲೇ ಮುಗಿಯಿತಂತೆ. "ಎಲ್ಲಾ ಕಳಿಸಿದರ ಅವಾ ಯಾಕ ಬರ್ತಾನ? ಡಬ್ಬ್ಯಾಗಿನ ಅವ್ವನ್ನ ಇಟ್ಕೊಂಡು ಅಲ್ಲೇ ಕುಂಡ್ರತಾನ. ಅದೊಂದ ಉಳಿಸಿಕೊಂಡೇನಿ. ಬಂದ್ರ ಅವನ ಮಾರಿ ನೋಡಿ ಕರೀತೇನಿ. ಇದನ್ನ ಬರೀಬ್ಯಾಡ ಮತ್ತ" ಅಂದಳು. ನಾನು ಬರೆಯುತ್ತಿದ್ದೇನೆ. ಕಾರ್ಡನ್ನು ಲಕೋಟೆಯಿಂದ ತೆಗೆದುಕೊಂಡಿದ್ದೇನೆ, ಹುಡುಕಬೇಡ. ಅದರ ಬದಲು ಡಾಕ್ಟರರ ಚೀಟಿ ಇಟ್ಟಿದ್ದೇನೆ. ಅದನ್ನು ತೋರಿಸಿದರೆ ನಿಮ್ಮ ಸಾಹೇಬರು ರಜೆ ಕೊಡದೆ ಇರುವುದಿಲ್ಲ ಎಂದು ಜಾಹೀದ ಹೇಳುತ್ತಿದ್ದಾನೆ. ನಿನಗೆ ನೋಡಲಾಗದಿದ್ದರೆ ಕಣ್ಣು ಮುಚ್ಚಿಕೊಂಡು ಬಾ. ಮೂರನೇ ತಾರೀಖಿನ ಮೊದಲು ಬಾ. ಅವ್ವ ಹೆಸರು ಹಿಡಿದು ಕರೆದಾಗ ಓ ಅನ್ನಲು ನೀನು ಅಲ್ಲಿರಬೇಕು.